ಅಮ್ಮನ ಚೌಕ

ಎಲ್‌ಕೆಜಿ ಹೋಂವರ್ಕ್ ಸುಲಭದ್ದೇ. ಮನೆಯವರು ಪ್ರೀತಿಯಿಂದ ಮುಟ್ಟಿದಾಗ ಮಗುವಿನ ಮೈಮೇಲೆ ಏಳುವ ಕೇಸರಿ ಗುರುತಿಗೆ ಕಾಗದ ಒತ್ತಿ ಅಚ್ಚು ತೆಗೆಯಬೇಕು. ಇಂಚರಾಳ ಚಾರ್ಟಿನಲ್ಲಿ ಅಪ್ಪನ ಅಗಲವಾದ ಅಂಗೈ, ಅಜ್ಜಿಯ ಬೆರಳುಗಳು, ಪಕ್ಕದ ಮನೆ ನಾಯಿಯ ಪಂಜ ಕೂಡ ಇತ್ತು. ಅಮ್ಮನ ಚೌಕವೊಂದೇ ಖಾಲಿ.

ಹೊರಗೆ ಶಾಲೆಯ ವ್ಯಾನ್ ಹಾರನ್ ಹೊಡೆಯಿತು. ಇದನ್ನು ತರಗತಿಯ ಗೋಡೆಗೆ ಅಂಟಿಸಿದರೆ ಮಾನ ಹೋಗುತ್ತದಲ್ಲ ಎಂದು ಹೇಮಲತಾ ಮಗಳ ಬೆನ್ನಿಗೆ ಅಂಗೈ ಒತ್ತಿದಳು. ಏನೂ ಮೂಡಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದಳು.

“ನೋಯುತ್ತಮ್ಮಾ.”

ಹೇಮಲತಾ ಕೈ ತೆಗೆದಳು.

“ಹೋಗ್ಲಿ ಬಿಡಮ್ಮ, ಸ್ನಾನ ಮಾಡ್ವಾಗ ಅಳಿಸಿಹೋಯ್ತು ಅಂತ ಮಿಸ್‌ಗೆ ಹೇಳ್ತೀನಿ,” ಎಂದು ಇಂಚರಾ ಅಮ್ಮನ ಮಣಿಕಟ್ಟು ಸವರಿ ವ್ಯಾನಿನತ್ತ ಓಡಿದಳು.

ಸವರಿದಲ್ಲಿ ಐದು ಪುಟ್ಟ ಬೆರಳು ಕೇಸರಿಯಾಗಿ ಎದ್ದವು. ವ್ಯಾನಿನ ಆಯಾ ಇತ್ತಲೇ ನೋಡುತ್ತಿದ್ದಳು. ಹೇಮಲತಾ ಅದರ ಮೇಲೆ ಸೆರಗು ಎಳೆದುಕೊಂಡಳು.