ಫಲಾನುಭವಿಯ ಬಾಯಿಪಾಠ

ಭಜನೆಪದಗಳನ್ನು ಕೇಳಿಯೇ ಕಲಿತ ನೀಲಗಂಗವ್ವ ಒಂದು ಮಾತನ್ನೂ ತಪ್ಪುವುದಿಲ್ಲವೆಂದು, ಸರ್ಕಾರದ ಸಾಧನಾ ಸಮಾವೇಶದಲ್ಲಿ ಮಾತಾಡಲು ಅವಳನ್ನೇ ಕರೆತಂದಿದ್ದರು.

"ಹೇಳಿಕೊಟ್ಟಿದ್ದಷ್ಟ ಹೇಳಬೇ. ತಪ್ಪಿದ್ರ ನಿನ್ನ ಸೊಸಿ ಅಂಗನವಾಡಿ ಕೆಲಸ ಹೋದಂಗ" ಎಂದು ವೇದಿಕೆಯ ಮೆಟ್ಟಿಲ ಬಳಿ ಅಧಿಕಾರಿ ಮತ್ತೆ ಎಚ್ಚರಿಸಿದ.

"ಅವತ್ತ ದವಾಖಾನಿಗೆ ಕೀಲಿ ಹಾಕಿತ್ತಲ್ಲರೀ? ಸೊಸಿ ಹೊರಗ ಕಟ್ಟಿ ಮ್ಯಾಲೆ ಹಡದ್ಲು."

"ಅದನ್ನ ಯಾರು ಕೇಳ್ಯಾರ ಇಲ್ಲಿ? ನಡಿ, ನಡಿ."

ಮೈಕಿನ ಮುಂದೆ ಅವಳು ಕಣ್ಣು ಮುಚ್ಚಿಕೊಂಡು ಒಪ್ಪಿಸಿದಳು. "ನಮ್ಮೂರ ದವಾಖಾನಿ ಹಗಲೂ ರಾತ್ರಿ ತೆರದಿರತೈತ್ರಿ. ನನ್ನ ಸೊಸಿ ಹೆರಿಗಿ ಅಲ್ಲೇ ಸುಸೂತ್ರ ಆತ್ರಿ."

ಚಪ್ಪಾಳೆ ಸಿಡಿಯಿತು. ಮಂತ್ರಿಗಳು ಎದ್ದು ಬಂದು ಮೈಕಿಗೆ ಬಾಗಿದರು.

"ಭಾಳ ಚಲೋ ಹೇಳಿದ್ರಿ, ಯವ್ವಾ. ಕೂಸಿಗೆ ಏನಂತ ಹೆಸರಿಟ್ರಿ?"

ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಹೆಸರಿಡೂತನಕ ಅದು ಉಳೀಲಿಲ್ರಿ, ಸಾಹೇಬ್ರ."