ಕೋಣೆಗೆ ಬಂದ ಟೆಂಟಿನ ಪೆಟ್ಟಿಗೆ

ಗಂಗುಲಪ್ಪನಿಗೆ ಸ್ಪೀಕರು ಬೇಕಾಗಿದ್ದದ್ದು ಹಾಡು ಕೇಳುವುದಕ್ಕಲ್ಲ, ಹೆಂಡತಿಯನ್ನು ಹಿಡಿಯುವುದಕ್ಕೆ.

ನಲ್ಲಪ್ಪನಿಗೆ ಇದು ಗೊತ್ತಿರಲಿಲ್ಲ. ಗೌರಿಬಿದನೂರಿನಲ್ಲಿ ಟೆಂಟು ಸಿನಿಮಾ ನಡೆಸಿ ಕೈಸುಟ್ಟುಕೊಂಡು, ಉಳಿದ ಸಾಮಾನನ್ನು ಒಂದೊಂದಾಗಿ ಮಾರುತ್ತಿದ್ದ ಮನುಷ್ಯ ಅವನು. ಎರಡು ಹಳೆಯ ಸ್ಪೀಕರ್ ಪೆಟ್ಟಿಗೆಗಳನ್ನು ಹೊತ್ತುತಂದು ಗಂಗುಲಪ್ಪನ ದರ್ಜಿ ಅಂಗಡಿಯ ಜಗಲಿಯ ಮೇಲೆ ಇಳಿಸಿದ. ಒಂದರ ಮುಸುಕುಬಟ್ಟೆ ಹರಿದಿತ್ತು. ಇನ್ನೊಂದರ ಮೂಲೆ ಇಲಿಯ ಪಾಲಾಗಿತ್ತು.

"ಏಮಯ್ಯಾ, ನಿಮ್ಮ ಕೋಣೆ ಇರೋದೇ ಕೋಳಿಗೂಡಿನಷ್ಟು. ಅಲ್ಲಿ ಇದನ್ನಿಟ್ಟು ರೇಡಿಯೋ ಹಾಕಿದ್ರೆ ಹೆಂಚು ಹಾರೋಗ್ತದೆ," ಎಂದ.

"ರೇಡಿಯೋ ಆಮೇಲೆ ತರ್ತೀನಿ. ಅವತ್ತು ಹೇಳಿದ್ರಲ್ಲ, ಎರಡಕ್ಕೂ ತಂತಿ ಕಟ್ಟಿದ್ರೆ..."

"ಓ, ಅದಾ? ಒಂದು ಟೆಂಟಿನೊಳಗೆ, ಒಂದು ನಾನು ಕೂರೋ ಟಿಕೆಟ್ ಗೂಡಲ್ಲಿ. ಒಳಗೆ ಜನ ಗಲಾಟೆ ಮಾಡಿದ್ರೆ ಗೂಡಲ್ಲಿ ಸಣ್ಣಗೆ ಕೇಳ್ತಿತ್ತು. ಕರೆಂಟೂ ಬೇಡ. ಸಂತೆ ದಿನದವರೆಗೆ ಇಟ್ಕೊಂಡು ನೋಡಿ. ಬೇಡ ಅಂದ್ರೆ ವಾಪಸ್ ಒಯ್ತೀನಿ."

ಗಂಗುಲಪ್ಪನ ಹೊಟ್ಟೆಗೆ ಬೆಂಕಿ ಬಿದ್ದು ಆಗಲೇ ಬಹಳ ದಿನವಾಗಿತ್ತು. ಎದುರು ಮನೆಗೆ ಬಾಡಿಗೆಗೆ ಬಂದ ರೈಲ್ವೆ ಗುಮಾಸ್ತ ಪುಟ್ಟಸ್ವಾಮಯ್ಯ ಒಂಟಿ ಆಸಾಮಿ. ಮೇಲಾಗಿ ಗುಂಗುರು ಕೂದಲು. ನಲ್ಲಿಯ ಹತ್ತಿರ ಅವನು ಏನೋ ಅಂದ, ಶಾಂತಕುಮಾರಿ ನಕ್ಕಳು. ಕಟ್ಟಿಕೊಂಡ ಗಂಡ ಒಮ್ಮೆಯೂ ಕೇಳದ ನಗು! ಅಂಗಡಿಯಲ್ಲಿ ಕೂತು ಊರನ್ನೇ ನಗಿಸುವ ಗಂಗುಲಪ್ಪ ಮನೆಯ ಹೊಸಿಲು ದಾಟಿದೊಡನೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಹೆಂಡತಿಗೆ ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾಳೆ ಅನ್ನುವುದು ಅವನಪ್ಪ ಕಲಿಸಿದ ಪಾಠ. ಕೊಡದೆ ಇದ್ದರೂ ಎದುರು ಮನೆಗೆ ಹೋಗಿ ಕೂರಬಹುದೆಂದು ಅಪ್ಪ ಹೇಳಿರಲಿಲ್ಲ.

ಅಂಗಡಿಯ ಹಿಂದೆ ಅಂಗಳ, ಅಂಗಳದಾಚೆ ಮನೆಯ ಆ ಪುಟ್ಟ ಕೋಣೆ. ಒಂದು ಪೆಟ್ಟಿಗೆಯನ್ನು ಅಲ್ಲಿಟ್ಟ. ಇನ್ನೊಂದನ್ನು ಅಂಗಡಿಯಲ್ಲಿ ತಾನು ಕೂರುವ ಕುರ್ಚಿಯ ಹಿಂದೆ, ಕಿವಿಯ ಸಮಕ್ಕೆ ಇಟ್ಟು ಮೇಲೆ ಬಟ್ಟೆ ಮುಚ್ಚಿದ. ನಡುವೆ ತಂತಿ ಎಳೆದ.

"ಇಷ್ಟು ಸಣ್ಣ ಕೋಣೆಗೆ ಈ ಗುಡಾಣ ಯಾಕೆ? ಕಾಲು ಚಾಚೋಕೂ ಜಾಗ ಇಲ್ಲ. ವಾಪಸ್ ಕೊಡಿ," ಎಂದಳು ಶಾಂತಕುಮಾರಿ.

"ಹೂಂ," ಎಂದ. ಮನೆಯಲ್ಲಿ ಅವನ ಅತಿ ದೊಡ್ಡ ಭಾಷಣ ಅದೇ.

ಮರುದಿನ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಅಳತೆ ತೆಗೆಯುತ್ತ ಎಂದಿನಂತೆ ಹರಟುತ್ತಿದ್ದಾಗ ಬೆನ್ನ ಹಿಂದೆ ಸಣ್ಣಗೆ ನಗು ಕೇಳಿತು. "ಅಯ್ಯೋ, ಸಾಕು, ಹೊಟ್ಟೆ ನೋಯ್ತದೆ!" ಶಾಂತಕುಮಾರಿಯ ದನಿಯೇ! ಅಳತೆಪಟ್ಟಿ ಅವನ ಕೈಯಿಂದ ಜಾರಿತು. ಗಿರಾಕಿಗಳನ್ನು ಬೇಗಬೇಗ ಸಾಗಹಾಕಿ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತ. ಸದ್ದಿಲ್ಲ. ಎಷ್ಟು ಹೊತ್ತು ಕೂತರೂ ಬರೀ ಪಾತ್ರೆ ತೊಳೆಯುವ ಶಬ್ದ.

ದಿನವೂ ಅದೇ ಕಥೆ. ಅಂಗಡಿ ತುಂಬಿದ್ದಾಗಲೇ ಆ ಕೋಣೆಗೆ ಜೀವ ಬರುತ್ತಿತ್ತು. ಅವನು ಬಿಡುವು ಮಾಡಿಕೊಂಡು ಕಿವಿಗೊಟ್ಟರೆ ಮೌನ. ಕಳ್ಳ ಬುದ್ಧಿವಂತ, ನಾನು ಗಿರಾಕಿಗಳ ನಡುವೆ ಸಿಕ್ಕಿಬಿದ್ದ ಹೊತ್ತನ್ನೇ ನೋಡಿಕೊಂಡು ನುಗ್ಗುತ್ತಾನೆ ಎಂದು ಗಂಗುಲಪ್ಪ ಹಲ್ಲು ಕಡಿದ. ಆ ಗುಮಾಸ್ತನ ದನಿ ಮಾತ್ರ ಕೇಳುತ್ತಿರಲಿಲ್ಲ, ಪಿಸುಗುಡುತ್ತಾನೆ, ಮತ್ತೇನು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಒಂದು ಸಲ ಅವಳು ಹೇಳಿದ್ದು ಕರುಳಿಗೇ ನಾಟಿತು: "ಮನೇಲಿ ನನ್ನ ಹತ್ರ ಯಾರು ಹಿಂಗೆ ಮಾತಾಡ್ತಾರೆ, ಹೇಳಿ!"

ಅವಳ ರೂಪವೂ ಬದಲಾಯಿತು. ಮುಡಿಗೆ ಕನಕಾಂಬರ ಬಂತು. ಕೆಲಸವೆಲ್ಲ ಬೆಳಿಗ್ಗೆಯೇ ಮುಗಿದು, ಅಂಗಡಿ ತೆರೆಯುವ ಹೊತ್ತಿಗೆ ಕೋಣೆಯಲ್ಲಿ ಚಾಪೆ ಹಾಸಿರುತ್ತಿತ್ತು. ಪೆಟ್ಟಿಗೆ ವಾಪಸ್ ಕೊಡಲೇ ಎಂದು ಕೇಳಿದಾಗ, "ಇರ್ಲಿ ಬಿಡಿ, ಅದರ ಪಾಡಿಗೆ ಅದಿರ್ತದೆ," ಎಂದು ಮುಖ ತಿರುಗಿಸಿದಳು. ಆ ಕೆನ್ನೆಯ ಕೆಂಪು ನೋಡಿ ಗಂಗುಲಪ್ಪ ಆ ರಾತ್ರಿ ಉಣ್ಣಲಿಲ್ಲ. ಸಂತೆಯ ದಿನ ಹಿಡಿಯಬೇಕು, ಟ್ರಂಕು ಸಮೇತ ತೊಂಡೇಬಾವಿಯ ತವರಿಗೆ ರೈಲು ಹತ್ತಿಸಬೇಕು ಎಂದು ನಿಶ್ಚಯಿಸಿದ. ನಿಶ್ಚಯಿಸಿದ ಮೇಲೆ ಅವನಿಗೇ ಅಳು ಬಂತು.

ಸಂತೆಯ ದಿನ ನಲ್ಲಪ್ಪ ಬಂದು ಅಂಗಡಿಯ ಬೆಂಚಿನ ಮೇಲೆ ಕೂತ. "ಏನ್ ತೀರ್ಮಾನ ಮಾಡಿದ್ರಿ? ಇಟ್ಕೊಳ್ತೀರೋ, ಒಯ್ಲೋ?"

"ಕೂತ್ಕೊಳ್ರೀ, ಹೇಳ್ತೀನಿ." ಕಳ್ಳನಿಗೆ ಧೈರ್ಯ ಬರಬೇಕಾದರೆ ಅಂಗಡಿಯಲ್ಲಿ ಮಾತು ನಡೆಯುತ್ತಿರಬೇಕು. ಬಾಯಿಗೆ ಬಂದದ್ದನ್ನು ಶುರುಮಾಡಿದ. "ಚಿಂತಾಮಣಿಯಿಂದ ಒಬ್ಬ ಬೀಗ ಬಂದಿದ್ದ ಕಣ್ರೀ, ನಾನು ಹೊಲಿದ ಕೋಟು ಹಾಕ್ಕೊಂಡು. ಒಂದು ಹೋಳಿಗೆ ಇಳೀತು, ಒಂದು ಗುಂಡಿ ಟಪ್ ಅಂತ ಹಾರ್ತು. ಇನ್ನೊಂದು ಹೋಳಿಗೆ, ಇನ್ನೊಂದು ಗುಂಡಿ. ಕಡೆಗೆ ಒಂದೇ ಗುಂಡಿ ಉಳೀತು. ಅಷ್ಟರಲ್ಲಿ ಬೀಗಿತ್ತಿ ತುಪ್ಪದ ಗಿಂಡಿ ಹಿಡ್ಕೊಂಡು..."

ಬೆನ್ನ ಹಿಂದೆ ಬಿದ್ದು ಬಿದ್ದು ನಗುವ ಸದ್ದು ಬಂತು.

ಗಂಗುಲಪ್ಪ ಮಾತನ್ನು ಅಲ್ಲಿಗೇ ಕಡಿದು ಎದ್ದ. ನಲ್ಲಪ್ಪ ಬಾಯಿ ತೆರೆದುಕೊಂಡೇ ಉಳಿದ. ಕೈಯಲ್ಲಿ ಕತ್ತರಿ ಇರುವುದು ಅಂಗಳ ದಾಟುವಾಗ ತಿಳಿದು, ತನಗೇ ಹೆದರಿ ಅದನ್ನು ಎಸೆದ. ಎದುರು ಮನೆಗೆ ಬೀಗ ಬಿದ್ದದ್ದನ್ನು ಅಂಗಡಿಯಿಂದಲೇ ನೋಡಿದ್ದ. ಹಾಗಾದರೆ ಆ ಗುಮಾಸ್ತ ಇಲ್ಲೇ ಇದ್ದಾನೆ! ಕೋಣೆಯ ಬಾಗಿಲನ್ನು ಮೆಲ್ಲಗೆ ತಳ್ಳಿದ.

ಒಳಗೆ ಚಾಪೆಯ ಮೇಲೆ ಶಾಂತಕುಮಾರಿ ಒಬ್ಬಳೇ ಇದ್ದಳು. ಬಾಗಿಲಿಗೆ ಬೆನ್ನು ಮಾಡಿ, ಪೆಟ್ಟಿಗೆಗೆ ಕೆನ್ನೆ ಆನಿಸಿ ಕೂತಿದ್ದಳು.

"ಯಾಕ್ರೀ ನಿಲ್ಲಿಸಿಬಿಟ್ರಿ?" ಎಂದಳು ಪೆಟ್ಟಿಗೆಗೆ. "ಅಲ್ಲಿ ನಲ್ಲಪ್ಪನವರು ಕಾಯ್ತಿದ್ದಾರೆ, ಇಲ್ಲಿ ನಾನೂ ಕಾಯ್ತಿದ್ದೀನಿ. ಆ ಕಡೇ ಗುಂಡಿ ಏನಾಯ್ತು, ಹೇಳ್ರೀ!"