ಕೊನೆಯ ಚೌಕ

ಮಕ್ಕಳಿಗೆ ಪಾಠ ಹೇಳಲು ಬೋರ್ಡಿನ ಮುಂದೆ ನಿಂತು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದಾಗೆಲ್ಲ ಈಗಲೂ ತಮಿಳು ಸೀಮೆಯ ಕ್ರೋಂಪೇಟೆಯ ನಮ್ಮ ಜಗಲಿ ನೆನಪಾಗುತ್ತದೆ.

ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಸೆಲ್ವಿ ಅಕ್ಕ ಪ್ರತಿ ಶನಿವಾರ ಮಧ್ಯಾಹ್ನ ಬಂದು ನಮ್ಮ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಪಾಠ ಮುಗಿದ ಮೇಲೆ ಅವಳು ಬಂದು ಕಲಿಸಿದ್ದಕ್ಕೆ ಸಾಕ್ಷಿಯಾಗಿ, ಕಾಲೇಜು ಕೊಟ್ಟ ಸಮಾಜಸೇವೆಯ ಹಾಳೆಯ ಒಂದು ಚೌಕದಲ್ಲಿ ನಮ್ಮಜ್ಜಿ ಕನ್ನಡದಲ್ಲೇ ರುಜು ಹಾಕುತ್ತಿದ್ದರು.

ಅವತ್ತು ಅಕ್ಕ ಹಾಳೆ ಚಾಚಿ, "ಇದುದಾನ್ ಲಾಸ್ಟ್, ಪಾಟಿ" ಎಂದಳು, ಇದೇ ಕೊನೆಯದು ಅಜ್ಜಿ ಎಂದು. ಉಳಿದಿದ್ದುದು ಒಂದೇ ಚೌಕ. ಅದು ತುಂಬಿದರೆ ಅವಳಿನ್ನು ಬರುವುದಿಲ್ಲ. ನಾನು ಅಜ್ಜಿ ರುಜು ಹಾಕುವ ಪೆನ್ನನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟೆ.

"ಕೊಟ್ಬಿಡು ಪುಟ್ಟಿ," ಎಂದರು ಅಜ್ಜಿ. "ಅವಳೂ ಪಾಸಾಗ್ಬೇಕಲ್ವೇ?"

ಕೊಟ್ಟೆ.

ಮುಂದಿನ ಶನಿವಾರ ನಾನು ಪುಸ್ತಕ ತೆಗೆಯಲೇ ಇಲ್ಲ. ಅಕ್ಕ ಬರುತ್ತಿದ್ದ ಹೊತ್ತಿಗೆ, ಮೂರು ಗಂಟೆಗೆ, ಹೊರಗೆ ಬಂದರೆ, ಅಜ್ಜಿ ಜಗಲಿ ಗುಡಿಸಿ, ಚಾಪೆ ಹಾಸಿ, ಬೀದಿಯ ತುದಿಯನ್ನೇ ನೋಡುತ್ತ ಕೂತಿದ್ದರು.